ಬೇಸಿನ್ನಿನ ಅಂಚು

ಟವೆಲ್ ಬದಲಿಸಲೆಂದು ಅಕ್ಕ ತನ್ನ ಪಾರ್ಲರಿನ ಬೇಸಿನ್ನಿನಿಂದ ತಂಗಿಯ ಒದ್ದೆ ತಲೆಯನ್ನು ಎರಡೂ ಅಂಗೈಯಲ್ಲಿ ಎತ್ತಿದಳು.

"ಬಿಡ್ಬೇಡ ಅಕ್ಕಾ, ಹಾಗೇ ಹಿಡ್ಕೊ. ತಲೇಲಿದ್ದ ಮಂಜು ಸರೀತು. ಕೈಕಾಲು ನಂದೇ ಅನ್ನಿಸ್ತಿದೆ."

ತಂಗಿ ವರ್ಷಗಟ್ಟಲೆಯಿಂದ ಹಾಸಿಗೆ ಹಿಡಿದವಳು. ರಕ್ತಪರೀಕ್ಷೆಯಲ್ಲಿ ಏನೂ ಸಿಗದ ಮೇಲೆ ಮನೆಯವರೆಲ್ಲರ ಬಾಯಲ್ಲೂ ಮೈಗಳ್ಳಿ. ಮೈ ಹಗುರಾಗಲಿ ಎಂದು ಅಕ್ಕನೇ ವಾರವಾರ ಇಲ್ಲಿಗೆ ಎಳೆತಂದು, ಕುತ್ತಿಗೆಯನ್ನು ಬೇಸಿನ್ನಿನ ಅಂಚಿಗೆ ಒರಗಿಸಿ ತಲೆ ತೊಳೆಯುತ್ತಿದ್ದಳು. ಮರುದಿನ ಅವಳು ಏಳದಿದ್ದರೆ "ಸಾಕು ನಿನ್ನ ನಾಟಕ" ಎಂದು ಸಿಡುಕುತ್ತಿದ್ದಳು.

ಈಗ ಅನುಮಾನದಿಂದ ತಲೆಯನ್ನು ಮೆಲ್ಲಗೆ ಅಂಚಿಗಿಳಿಸಿದಳು. ತಂಗಿಯ ಮಾತು ತೊದಲಿತು. ಮತ್ತೆ ಎತ್ತಿದಳು, ತೊದಲು ನಿಂತಿತು.

"ಕುತ್ತಿಗೇಲೇ ಏನೋ ಇದೆ ಕಣೇ. ನಾಳೇನೇ ಡಾಕ್ಟರಿಗೆ ತೋರ್ಸೋಣ." ಅಕ್ಕನ ತೋಳು ನಡುಗುತ್ತಿತ್ತು.

"ಕೈ ಸೋತಿರ್ಬೇಕು, ಬಿಡಕ್ಕಾ."

"ಸೋಲ್ಲಿ. ಸುಸ್ತು ಅಂದ್ರೆ ಏನೂಂತ ನಂಗೂ ಗೊತ್ತಾಗ್ಲಿ."