ಚರಗ ಚೆಲ್ಲುವ ಹೊತ್ತು

“ಜೋಳದ ಭಾಕರಿ ಬಡಿಯುವ ನಮ್ಮ ಆಜಿ ಇವತ್ತು ಬಂದಿಲ್ಲ ಸರ್. ನಿಮ್ಮ ಜೊತೆ ಬಂದಿದ್ದಾಳಲ್ಲ, ಈ ಕೆಲಸದ ಮಾವಶಿಗೆ ಬಡಿಯೋಕೆ ಬರುತ್ತಾ?”

ಮರಾಠಿಯಲ್ಲಿ ಹೀಗೆ ಕೇಳಿದವನು ಇಂದಾಪುರದ ಹತ್ತಿರದ ಒಂದು ಹಳ್ಳಿ ರಿಸಾರ್ಟಿನ ಮ್ಯಾನೇಜರ್ ಓಂಕಾರ್. ಕೇಳಿದ್ದು ಮಹೇಶಕುಮಾರನನ್ನು, ಬೆರಳು ತೋರಿಸಿದ್ದು ಅವನ ತಾಯಿ ಸಾಬವ್ವನನ್ನು. ‘ಇವರು ನನ್ನ ತಾಯಿ’ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಪುಣೆಯ ವಾಕಡದಲ್ಲಿ ಅವನು ಹೊಸದಾಗಿ ಸೇರಿದ ಫ್ಲ್ಯಾಟ್ ಸೊಸೈಟಿಯ ಮೂರು ಕುಟುಂಬಗಳು ನಿಂತಿದ್ದವು. ಎಲ್ಲರೂ ಬಿಳಿ ಶೂ, ಕಪ್ಪು ಕನ್ನಡಕದವರು. ಮಹಾಶಯ ಒಮ್ಮೆ ಅವರ ಮುಖ ನೋಡಿದ, ಒಮ್ಮೆ ತಲೆಯ ಮೇಲೆ ಸೆರಗು ಹೊದ್ದು ಬರಿಗಾಲಲ್ಲಿ ನಿಂತ ತಾಯಿಯನ್ನು ನೋಡಿದ.

“ಹೂಂ, ಬರುತ್ತೆ. ಬಡೀತಾಳೆ,” ಅಂದುಬಿಟ್ಟ.

ಸಾಬವ್ವನಿಗೆ ಮರಾಠಿ ತಿಳಿಯುವುದಿಲ್ಲ ಅಂದುಕೊಂಡನೋ ಏನೋ! ಮೂವತ್ತು ವರ್ಷ ಪುಣೆಯ ಕಟ್ಟಡಗಳಿಗೆ ಸಿಮೆಂಟು ಹೊತ್ತವಳು ಅವಳು. ಕೂಲಿಯಾಳುಗಳ ಮೇಸ್ತ್ರಿ ಮುಕಾದಮನ ಬೈಗುಳವನ್ನೆಲ್ಲ ಮರಾಠಿಯಲ್ಲೇ ತಿಂದವಳು. ಇವನನ್ನು ಇಂಜಿನಿಯರ್ ಮಾಡಿದ್ದೂ ಅದೇ ಸಿಮೆಂಟು. ಆದರೂ ಜನರೆದುರು ಮಗನ ಮರ್ಯಾದೆ ಕಳೆಯಬಾರದೆಂದು ಅವನನ್ನು ಒತ್ತಟ್ಟಿಗೆ ಕರೆದು ಮೆಲ್ಲಗೆ ಹೇಳಿದಳು.

“ಮಹೇಶಾ, ಇವತ್ತ ಎಳ್ಳಮಾಸಿ ಅದಪ್ಪ. ನಾ ಹೊಲದಾಗ ಚರಗ ಚೆಲ್ಲಾಕ ಬಂದೀನಿ, ರೊಟ್ಟಿ ಬಡಿಯಾಕಲ್ಲ.”

“ಒಂದ ತಾಸ ಅಷ್ಟ. ನಿನಗೂ ಟೈಮ್‌ಪಾಸ್ ಆಗ್ತದ. ಹೊಲ ಎಲ್ಲಿ ಓಡಿ ಹೋಗ್ತದ?”

ಹೊಲ ಓಡಿಹೋಗುವುದಿಲ್ಲವಂತೆ! ಊರಿನ ಎರಡೆಕರೆ ಓಡಿಹೋದದ್ದು ಎಲ್ಲಿಗೆ ಮತ್ತೆ? ಅದನ್ನು ಮಾರಿಯೇ ಹೋದ ತಿಂಗಳು ಫ್ಲ್ಯಾಟು ಕೊಂಡದ್ದು. ಮದುವೆಯಾಗಿ ಬಂದಾಗಿನಿಂದ ಪ್ರತಿ ಎಳ್ಳಮಾವಾಸ್ಯೆಗೂ ಊರಿಗೆ ಹೋಗಿ, ಬೆಳೆದು ನಿಂತ ಪೈರಿಗೆ ಎಡೆ ಚೆಲ್ಲಿ, ಭೂತಾಯಿ ಉಂಡ ಮೇಲೆಯೇ ತಾನು ಉಣ್ಣುತ್ತಿದ್ದವಳಿಗೆ ಈ ಸಲ ಹೋಗಲು ಹೊಲವೇ ಇರಲಿಲ್ಲ. ಅಮಾವಾಸ್ಯೆ ವರ್ಷದ ಕೊನೆಯ ರಜೆಯಲ್ಲೇ ಬಂದಿತ್ತು. “ನಾವು ಹೋಗೋ ರಿಸಾರ್ಟಿನ್ಯಾಗ ದೊಡ್ಡ ಜೋಳದ ಹೊಲ ಅದ, ಬಾ ಅವ್ವ,” ಎಂದು ಮಗನೇ ಕರೆದಿದ್ದ. ಮುದುಕಿ ಹಿಗ್ಗಿ ಹೀರೇಕಾಯಿಯಾಗಿ, ನಸುಕಿನಲ್ಲೇ ಎದ್ದು ಕಾಳು-ಸೊಪ್ಪಿನ ಭಜ್ಜಿ ಕುದಿಸಿ, ಸಜ್ಜೆ ಕಡಬು ಮಾಡಿ, ಬುಟ್ಟಿ ಕಟ್ಟಿ ಕಾರಿನ ಡಿಕ್ಕಿಯಲ್ಲಿಟ್ಟಿದ್ದಳು. ಬೆಳಗಿನಿಂದ ಅವಳ ಹೊಟ್ಟೆಗೆ ನೀರು ಬಿಟ್ಟು ಬೇರೇನೂ ಬಿದ್ದಿರಲಿಲ್ಲ.

ಒಂದು ತಾಸು ಮೂರು ತಾಸಾಯಿತು. ಹುಲ್ಲಿನ ಗುಡಿಸಲಲ್ಲಿ ಕಟ್ಟಿಗೆ ಒಲೆಯ ಮುಂದೆ ಅವಳು ಬಡಿಯುತ್ತಲೇ ಇದ್ದಳು, ಜನ ಸಾಲುಗಟ್ಟಿ ಬರುತ್ತಲೇ ಇದ್ದರು. “ಆಜಿ, ಸ್ವಲ್ಪ ಈ ಕಡೆ ನೋಡಿ. ನಗಿ,” ಎಂದು ಮೊಬೈಲು ಹಿಡಿದರು. ಸೊಸೆ ಭಾಗ್ಯಾ ಕೂಡ ತಟ್ಟೆ ಹಿಡಿದು ಬಂದವಳೇ ಬಗ್ಗಿ, “ಅತ್ತಿ, ಇನ್ನೆರಡು ಮೆತ್ತಗಿನವು ಕೊಡ್ರಿ,” ಎಂದು ಪಿಸುಗುಟ್ಟಿ ಹೋದಳು. ಎದ್ದು ಬರ್ರಿ ಅನ್ನಲು ಇವಳಿಗಾದರೂ ಬಾಯಿ ಬರಬೇಡವೇ!

ಹೊತ್ತು ವಾಲಿತು. ಮಹೇಶಕುಮಾರ ಪಲ್ಯ ಹಾಕಿಸಿಕೊಳ್ಳಲು ಬಂದಾಗ ಸಾಬವ್ವ ಹಿಟ್ಟಿನ ಕೈ ಚಾಚಿದಳು.

“ಗಾಡಿ ಕೀಲಿ ಕೊಡೋ, ಬುಟ್ಟಿ ತಗೋತೀನಿ. ಹೊತ್ತು ಮುಳುಗಿದ ಮ್ಯಾಲ ಚರಗ ಚೆಲ್ಲಂಗಿಲ್ಲ.”

“ಆಮ್ಯಾಲ ಅಂದೆನಲ್ಲ! ಎಲ್ಲಾರೂ ನೋಡಾಕತ್ತಾರ,” ಎಂದು ಹಲ್ಲು ಕಚ್ಚಿ ಅಂದ.

ಅಷ್ಟರಲ್ಲಿ ಅವನ ಸೊಸೈಟಿಯ ಶರ್ವರಿ ತಟ್ಟೆ ಹಿಡಿದು ಬಂದಳು. “ಮಹೇಶ್, ನಿಮ್ಮ ಕೆಲಸದ ಮಾವಶಿಯ ಕೈರುಚಿ ಎಷ್ಟು ಚೆನ್ನಾಗಿದೆ! ದಿನಾ ನಿಮ್ಮನೆಗೇ ಬರ್ತಾಳಾ? ಪುಣೆಗೆ ಹೋದ ಮೇಲೆ ನಮ್ಮನೆಗೂ ಕಳಿಸಿಕೊಡಿ.”

ಸಾಬವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗನ ಮುಖ ನೋಡಿದಳು. ಈಗಲಾದರೂ ಹೇಳುತ್ತಾನೆ ಅಂದುಕೊಂಡಳು. ಹೆತ್ತ ಹೊಟ್ಟೆ, ಅಷ್ಟು ಬೇಗ ನಂಬಿಕೆ ಬಿಡುವುದಿಲ್ಲ.

ಮಹೇಶಕುಮಾರ ನಕ್ಕ. “ಕೇಳಿ ನೋಡ್ತೀನಿ,” ಅಂದ.

ಸಾಬವ್ವ ಎದ್ದಳು. ಒಲೆಯ ಪಕ್ಕದ ಬುಟ್ಟಿಯಲ್ಲಿದ್ದ ಬಿಸಿ ರೊಟ್ಟಿಗಳನ್ನು ಅಷ್ಟೂ ಸೆರಗಿಗೆ ಸುರಿದುಕೊಂಡಳು, ಮೇಲೆ ಒಂದು ಸೌಟು ಪಲ್ಯ ಹಾಕಿಕೊಂಡಳು, ಜೋಳದ ಹೊಲದ ಕಡೆ ನಡೆದಳು. ಓಂಕಾರ್ ಓಡಿ ಬಂದ.

“ಏ ಮಾವಶಿ, ಎಲ್ಲಿಗೆ? ಇನ್ನೂ ಇಪ್ಪತ್ತು ಜನ ಕಾಯ್ತಿದ್ದಾರೆ!”

“ಕಾಯಲಿ ಬಿಡು. ಬೆಳಗಿನಿಂದ ಇವಳೂ ಕಾಯ್ತಿದ್ದಾಳೆ,” ಎಂದು ನೆಲ ತೋರಿಸಿದಳು. ಆಡಿದ್ದು ಅಚ್ಚ ಮರಾಠಿಯಲ್ಲಿ. ಶರ್ವರಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಬದುವಿನ ಮೇಲೆ ಹತ್ತಿ ಮೊದಲ ರೊಟ್ಟಿ ಮುರಿದು ಪೈರಿಗೆ ಚೆಲ್ಲಿದಳು. ಆಮೇಲೆ ಹಿಂದಿರುಗಿ, ಸೊಸೈಟಿಯ ಅಷ್ಟೂ ಜನಕ್ಕೆ ಕೇಳುವಂತೆ, ತಿಳಿಯುವಂತೆ, ಅದೇ ಮರಾಠಿಯಲ್ಲಿ ಕೂಗಿದಳು:

“ಮಹೇಶಾ, ಚರಗ ಚೆಲ್ಲುವವರ ಹಿಂದೆ ಒಬ್ಬರು ನೀರು ಹಾಕುತ್ತ ಬರಬೇಕು. ನನ್ನ ಮಗನಾಗಿದ್ದರೆ ತಂಬಿಗೆ ತಗೊಂಡು ಬಾ. ಮಾಲೀಕನಾಗಿದ್ದರೆ ಅಲ್ಲೇ ಕೂತು ಉಣ್ಣು.”