ಅಕ್ಕನ ಮೊಣಕೈ

ನನ್ನ ಪಂಚರ್ ಅಂಗಡಿಯಲ್ಲಿ ಸಲ್ಯೂಷನ್ ವಾಸನೆ ಬಂದಾಗಲೆಲ್ಲ ಹಳೇಬೀಡಿನ ಒಂದು ಮಧ್ಯಾಹ್ನ ನೆನಪಾಗುತ್ತದೆ. ಟೇಬಲ್ ಟೆನ್ನಿಸ್ ಬ್ಯಾಟಿನಿಂದ ಕಿತ್ತುಬಂದಿದ್ದ ರಬ್ಬರನ್ನು ಅಕ್ಕ ಆ ಸಲ್ಯೂಷನ್ನಿನಲ್ಲೇ ಅಂಟಿಸಿದ್ದಳು. ಮರುದಿನ ಅರಸೀಕೆರೆಯಲ್ಲಿ ಆಯ್ಕೆಯಾದರೆ ಅವಳು ಊರು ಬಿಟ್ಟು ಕ್ರೀಡಾ ಹಾಸ್ಟೆಲಿಗೆ ಹೋಗುವವಳಿದ್ದಳು.

"ಫೋರ್‌ಹ್ಯಾಂಡ್ ಹೊಡೆಯುವಾಗ ಇವಳ ಮೊಣಕೈ ಮೇಲೆದ್ದು ಚೆಂಡು ಮೇಜು ದಾಟುತ್ತೆ, ನೋಡಿ ಹೇಳ್ತಿರು," ಎಂದು ಶಾಲೆಯ ಆಟದ ಮೇಷ್ಟ್ರು ನನಗೆ ಹೇಳಿದ್ದರು.

ಅಕ್ಕ ಚೆಂಡನ್ನು ಗೋಡೆಗೆ ಹೊಡೆಯತೊಡಗಿದಳು. "ಸುಣ್ಣ ಎಲ್ಲ ಉದುರ್ತೈತೆ ಕಣೇ," ಎಂದು ಅವ್ವ ಗೊಣಗಿದಳು.

"ಈಗ ಹೆಂಗೈತೋ?" ಎಂದು ಅಕ್ಕ ಕೇಳಿದಳು. ಮೊಣಕೈ ಪ್ರತಿ ಸಲವೂ ಏಳುತ್ತಿತ್ತು. ಅವಳು ಹೋದರೆ ಮನೆಯಲ್ಲಿ ಅವ್ವನ ಜೊತೆ ನಾನೊಬ್ಬನೇ.

"ಸರಿಯಾಗೈತೆ," ಎಂದೆ. ಸಂಜೆಯವರೆಗೂ ಹಾಗೇ ಹೇಳಿದೆ.

ಅರಸೀಕೆರೆಯಲ್ಲಿ ಅವಳ ಚೆಂಡುಗಳು ಮೇಜು ದಾಟಿ ಹೋದವು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟಳು.

"ನೀನು ಸರಿಯಾಗೇ ನೋಡಿ ಹೇಳ್ದೆ ಕಣೋ. ನನ್ ಕೈಗೇ ಬರ್ಲಿಲ್ಲ."

ನಾನು ಹೂಂ ಎಂದೆ.