ಎರಡೂ ಎಡಗೈ

ಕೊಲ್ಲಿ ದೇಶದ ಅಲ್ ವುಕೈರ್‌ನ ಫ್ಲ್ಯಾಟಿನಲ್ಲಿ, ಏಸಿಯ ಚಳಿಯಲ್ಲಿ ಮೊಮ್ಮಗಳು ಹೊಲಿಗೆ ಕಿಟ್ ಬಿಚ್ಚಿದಾಗಲೆಲ್ಲ ಹೊಸ ಬಟ್ಟೆಯ ಗಂಜಿ ವಾಸನೆಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಊರಿನಲ್ಲಿ ಸೋದರಮಾವನ ಮದುವೆಗೆಂದು ಅಮ್ಮ ಒಂದೇ ಬದಿಗೆ ಹೂವಿನ ಅಚ್ಚಿದ್ದ ರವಿಕೆ ಕಣ ಎತ್ತಿಟ್ಟಿದ್ದಳು. ಅರ್ಧ ಕತ್ತರಿಸಿ, ದಣಿದು ಗೋಡೆಗೊರಗಿ, “ತೋಳು ನೀನು ಕತ್ತರಿಸು, ಬಟ್ಟೆ ಮಡಚಿಕೋ” ಎಂದಳು. ನಾನು ಮಡಚಲಿಲ್ಲ. ಪೇಪರ್ ಅಳತೆಯನ್ನು ಎರಡು ಸಲ ಇಟ್ಟು, ಗೆರೆ ಎಳೆದು, ನೂಲಿನಷ್ಟೂ ವ್ಯತ್ಯಾಸವಿಲ್ಲದ ಎರಡು ತೋಳುಗಳನ್ನು ಹೆಮ್ಮೆಯಿಂದ ಮುಂದಿಟ್ಟೆ.

“ಎರಡೂ ಎಡಗೈಯೇ ಆಯ್ತಲ್ಲ ಮಗಾ.”

ಮಡಚಿ ಕತ್ತರಿಸಿದ್ದರೆ ಒಂದು ಎಡಕ್ಕೆ, ಒಂದು ಬಲಕ್ಕೆ ಬರುತ್ತಿತ್ತು. ಈಗ ಒಂದನ್ನು ಬಲಗೈಗೆಂದು ತಿರುವಿ ಹೊಲಿದರೆ ಹೂವು ಒಳಗೆ ಹೋಗುತ್ತಿತ್ತು. ಬೇರೆ ಬಟ್ಟೆ ಇರಲಿಲ್ಲ.

ಮದುವೆಯ ದಿನ ಮೇ ತಿಂಗಳ ಸೆಕೆ. ಅಮ್ಮ ತೇಪೆ ಹಾಕಿದ ಹಳೆ ರವಿಕೆಯ ಮೇಲೆ ಸೆರಗು ಹೊದ್ದೇ ಕೂತಿದ್ದಳು.

“ಎಂಥ ಅತ್ತಿಗೆ, ಮದುಮಗಳು ನೀವಾ?” ಎಂದು ಅಪ್ಪನ ತಂಗಿ ಕೆಣಕಿದರು.

“ಸ್ವಲ್ಪ ಚಳಿ ಮಾರಾಯ್ತಿ” ಎಂದಳು ಅಮ್ಮ, ಹಣೆಯ ಬೆವರು ಒರೆಸುತ್ತಾ, ನನ್ನ ಕಡೆ ನೋಡದೆ.